ಎರಡು ಕ್ವಿಂಟಲ್ ಕಮ್ಮಿ

“ಏ ತೊಗರಿ ಕಳ್ಳ ಮಚ್ಛೇಂದ್ರ! ಗಾಡಿ ಹಿಂದಕ್ಕ ತಗಿ! ನಿನ್ನ ಹಿಂದ ನಿಂತವರು ದುಡಿದು ತಿನ್ನೋ ಮಂದಿ ಅದಾರ, ಅವರಿಗೆ ದಾರಿ ಬಿಡು!”

ವೈಜಿನಾಥ ಇದನ್ನು ನನ್ನ ಹತ್ತಿರ ಬಂದು ಹೇಳಲಿಲ್ಲ. ಮಿಲ್ಲಿನ ಗೇಟಿನ ಕಂಬಕ್ಕೆ ಕಟ್ಟಿದ ಮೈಕಿನಲ್ಲಿ ಹೇಳಿದ. ಬೀದರಿನ ಆ ದಾಲ್ ಮಿಲ್ಲಿನ ಮುಂದೆ ಬೆಳಿಗ್ಗೆ ಲಾರಿಗಳ ಸಾಲು ಡಾಂಬರು ರಸ್ತೆಯವರೆಗೆ ಬೆಳೆದಿರುತ್ತದೆ. ಡ್ರೈವರುಗಳು, ಹಮಾಲರು, ಎಮ್ಮೆಗೆ ತೊಗರಿ ಹೊಟ್ಟು ಕೊಳ್ಳಲು ಚೀಲ ಹಿಡಿದು ಬಂದ ಹೆಂಗಸರು, ಚಹಾದಂಗಡಿಯ ಖುರ್ಷಿದ ಬೇಗಂ, ಎಲ್ಲರೂ ಮೊದಲು ಮೈಕಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಒಬ್ಬ ಹಲ್ಲು ಕಿರಿದ. ಅವನ ಮುಖ ನಾನಿನ್ನೂ ಮರೆತಿಲ್ಲ.

ಕ್ಯಾಬಿನ್ನಿನಿಂದ ಕೆಳಗೆ ಹಾರಿದೆ.

“ಯಾರಿಗಂದಿ?”

“ಮಚ್ಛೇಂದ್ರ ಅನ್ನೋ ಹೆಸರು ಇಲ್ಲಿ ಎಷ್ಟು ಮಂದಿಗದ?”

ವೈಜಿನಾಥ ಆ ಗೇಟಿನ ಸುಪರವೈಜರ್. ಹೋದ ವರ್ಷದವರೆಗೆ ಒಂದೇ ಕಪ್ಪಿನ ಚಹಾ ಇಬ್ಬರೂ ಹಂಚಿಕೊಂಡು ಕುಡಿದವರು. ಅವನು ಬಸಿಯಲ್ಲಿ, ನಾನು ಕಪ್ಪಿನಲ್ಲಿ. ಈಗ ಅವನ ಕೈಯಲ್ಲಿ ಹಲಗೆಯಷ್ಟು ಅಗಲದ ಫೋನು ಇತ್ತು. ಅದನ್ನು ನನ್ನ ಮೂಗಿನ ಮುಂದೆ ಹಿಡಿದ. ನನ್ನ ಫೋಟೋ, ನನ್ನ ಹೆಸರು, ನನ್ನ ಲೈಸೆನ್ಸ್ ನಂಬರು. ಸುತ್ತಲೂ ಕೆಂಪು.

“ಓದಾಕ ಬರ್ತದಿಲ್ಲೋ? ಏಳನೇತ್ತಕ್ಕೇ ಸಾಲಿ ಬಿಟ್ಟಾಂವ ನೀ. ನಾನ ಓದ್ತೇನಿ, ಕೇಳು. ಔರಾದದಿಂದ ಭಾಲ್ಕಿಗಿ ಹೋದ ಮಾಲಿನ್ಯಾಗ ಎರಡು ಕ್ವಿಂಟಲ್ ಕಮ್ಮಿ. ಡ್ರೈವರನ ಮ್ಯಾಲ ಸಂಶಯ. ಒಳಗ ಬಿಡಬಾರದು.”

“ನಾ ಒಂದು ಕಾಳು ಮುಟ್ಟಿಲ್ಲ. ಯಾರ ಹಾಕ್ಯಾರ ಇದು?”

“ನಂಗ್ಯಾಂಗ ಗೊತ್ತು? ನಾ ನೋಡಾಂವ ಅಷ್ಟ. ತಗ್ಯಾದು ನನ್ನ ಕೈಯಾಗಿಲ್ಲ.”

“ತಗ್ಯಾದು ಕೈಯಾಗಿಲ್ಲಂದ್ರ ಬೈಯ್ಯಾದು ಬಾಯಾಗ ಹ್ಯಾಂಗ ಬಂತು?”

ಸಾಲಿನಲ್ಲಿ ನಗೆ ಎದ್ದಿತು. ಈ ಸಲ ಅವನ ಮೇಲೆ. ಅದು ಅವನಿಗೆ ತಾಗಿತು. ಮತ್ತೆ ಮೈಕಿನ ಹತ್ತಿರ ಹೋಗಿ ಹೇಳಿದ: “ಇವರಪ್ಪ ಇದೇ ಮಿಲ್ಲಿನ್ಯಾಗ ಹಮಾಲಿ ಮಾಡಿದ. ಒಂದಿನ ಒಂದು ಮುಟಿಗಿ ಬ್ಯಾಳಿ ಕಿಸೇಕ ಹಾಕಿದಾಂವ ಅಲ್ಲ. ನೋಡ್ರಿ ಎಂಥಾ ಮಗ ಹುಟ್ಯಾನ!”

ನಾನು ಅವನಿಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಆ ಕೆಂಪಿನ ಕೆಳಗೆ ಇನ್ನೊಂದು ಸಾಲು ಬರುತ್ತಿತ್ತು. ಅದಕ್ಕೇ ಬಿಟ್ಟೆ, ಕರುಣೆಯಿಂದಲ್ಲ.

ಈ ಕೆಂಪು ಎಲ್ಲಿಂದ ಬಂತೆಂದು ಹೇಳುತ್ತೇನೆ. ಔರಾದದಲ್ಲಿ ರೈತರಿಂದ ತೊಗರಿ ಕೊಳ್ಳುವ ಕಂಪನಿ ಒಂದು. ಭಾಲ್ಕಿಯಲ್ಲಿ ಆ ತೊಗರಿಯನ್ನು ಕೂಡಿಡುವ ಗೋದಾಮು ಒಂದು. ಬೀದರಿನಲ್ಲಿ ಅದನ್ನು ಬೇಳೆ ಮಾಡುವ ಮಿಲ್ಲು ಒಂದು. ಮೂರಕ್ಕೂ ಬೇರೆ ಬೇರೆ ಮಾಲೀಕರು, ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೂ 2016ರ ಸಂಕ್ರಾಂತಿ ಕಳೆದ ಮೇಲೆ ಮೂವರೂ ಕೂಡಿ ಒಂದೇ ಆ್ಯಪ್ ಹಾಕಿಸಿಕೊಂಡರು. ಔರಾದದಲ್ಲಿ ಲಾರಿ ತೂಗುವ ಕಾಟಾದ ಮೇಲೆ ಗಾಡಿ ನಿಂತರೆ ಅದರ ತೂಕ ಅದೇ ಗಳಿಗೆಗೆ ಭಾಲ್ಕಿಯಲ್ಲೂ ಕಾಣುತ್ತದೆ, ಬೀದರಿನಲ್ಲೂ ಕಾಣುತ್ತದೆ. ಗಾಡಿ ದಾರಿಯಲ್ಲಿ ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಅದೂ ಕಾಣುತ್ತದೆ. ನಾವು ಡ್ರೈವರುಗಳು ಅದಕ್ಕೆ ಪಂಚಾಯ್ತಿ ಎಂದು ಹೆಸರಿಟ್ಟಿದ್ದೆವು. ಕಟ್ಟೆಯ ಮೇಲೆ ಒಬ್ಬನೂ ಕೂತಿಲ್ಲದ ಪಂಚಾಯ್ತಿ.

ಮೊದಲು ನಮ್ಮ ಕೈಯಲ್ಲಿ ಒಂದು ಚೀಟಿ ಕೊಡುತ್ತಿದ್ದರು. ಭಾಲ್ಕಿಯಲ್ಲಿ ಚೀಲ ಎಣಿಸಿ ಇಳಿಸಿಕೊಳ್ಳುತ್ತಿದ್ದರು. ಲೆಕ್ಕ ಹೊಂದದಿದ್ದರೆ ಗೋದಾಮಿನ ಬಾಗಿಲಲ್ಲೇ ಕೂಗಾಡಿ, ತಾಡಪತ್ರಿ ಬಿಚ್ಚಿ, ಇನ್ನೊಮ್ಮೆ ಎಣಿಸಿ, ಒಬ್ಬರಿಗೊಬ್ಬರು ಬೈದು, ಚಹಾ ಕುಡಿದು ಮುಗಿಸುತ್ತಿದ್ದೆವು. ಬೈಯಲಾದರೂ ಎದುರಿಗೆ ಒಂದು ಮುಖ ಇರುತ್ತಿತ್ತು. ಆ ಬೇಸಿಗೆಯಲ್ಲಿ ಆ್ಯಪಿನೊಳಗೆ ಬಣ್ಣ ಬಂತು. ಹಸಿರು ಇದ್ದವನಿಗೆ ಗೇಟು ತೆರೆಯುತ್ತದೆ, ಕೆಂಪು ಇದ್ದವನಿಗೆ ಇಲ್ಲ. ಮೂರು ಗೇಟು ಮಾತ್ರವಲ್ಲ. ಜಿಲ್ಲೆಯ ಬೇರೆ ಗೋದಾಮಿನವರೂ ಅದನ್ನೇ ನೋಡಿ ಮಾಲು ಕೊಡಲು ಶುರು ಮಾಡಿದ್ದರು. ಮಳೆ ಕೈಕೊಟ್ಟ ಎರಡನೇ ವರ್ಷ ಅದು. ಹೊಲದಲ್ಲಿ ಕೆಲಸವಿಲ್ಲ, ಊರಿನಲ್ಲಿ ಕೆಲಸವಿಲ್ಲ. ಸ್ಟೇರಿಂಗ್ ಒಂದೇ ನನಗೆ ಗೊತ್ತಿದ್ದದ್ದು.

ಗಾಡಿ ನನ್ನದಲ್ಲ, ಲಾಲ ಅಹ್ಮದ ಸೇಠರದು. ಗೇಟಿನಿಂದ ಸೀದಾ ಅವರ ಮನೆಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರಿಗೆ ಎಲ್ಲವೂ ಗೊತ್ತಾಗಿತ್ತು.

“ಮೇರೆಕು ಮಾಲೂಮ್ ಹೈ ರೇ, ತೂ ಚೋರ್ ನಹೀ,” ಎಂದರು. ಕೂಡಲೇ ಕೈ ಚಾಚಿದರು. “ಚಾವಿ ಕೊಡು ಬೇಟಾ.”

“ಚೋರ ಅಲ್ಲಂದ್ರ ಚಾವಿ ಯಾಕ ಕೇಳ್ತೀರಿ ಸೇಠ?”

“ಲಾಲ್ ನಿಶಾನ ನಿನ್ನ ಹೆಸರಿನ ಮ್ಯಾಲ ಅದ, ಗಾಡಿ ಮ್ಯಾಲ ಇಲ್ಲ. ಬ್ಯಾರೆ ಡ್ರೈವರ ಕುಂತ್ರ ಗೇಟು ಖುಲ್ಲಾ ಆಗ್ತದ. ನೀ ಹೋಗು, ಅದನ್ನ ತಗಿಸ್ಕೊಂಡು ಬಾ. ಚಾವಿ ಇಲ್ಲೇ ಮೊಳಿಗಿ ನೇತ ಹಾಕಿರ್ತೇನಿ.”

“ಯಾರ ಕಡಿಂದ ತಗಿಸ್ಬೇಕ್ರಿ?”

ಸೇಠರು ಗಡ್ಡ ಕೆರೆದುಕೊಂಡರು. “ಅದು ನಂಗೂ ಮಾಲೂಮ ಇಲ್ಲ,” ಎಂದರು.

ಮಧ್ಯಾಹ್ನದ ಬಸ್ಸಿಗೆ ಭಾಲ್ಕಿಗೆ ಹೋದೆ. ಹಲಬರ್ಗಾ ದಾಟುವವರೆಗೂ ನನ್ನ ತಲೆಯಲ್ಲಿ ವೈಜಿನಾಥನ ಮೈಕು ಕೂಗುತ್ತಲೇ ಇತ್ತು. ಎರಡು ಕ್ವಿಂಟಲ್! ನಾಲ್ಕು ಚೀಲ ತೊಗರಿ. ಹಗಲು ಹೊತ್ತಿನಲ್ಲಿ, ಮೊಹರು ಹಾಕಿದ ತಾಡಪತ್ರಿಯ ಕೆಳಗಿನಿಂದ ನಾಲ್ಕು ಚೀಲ ತೆಗೆದವನು ಮೊಹರನ್ನು ಹೇಗೆ ಉಳಿಸಿದ? ಇದನ್ನು ಕೇಳುವ ಬುದ್ಧಿ ಒಬ್ಬನಿಗಾದರೂ ಬೇಡವೇ?

ಗೋದಾಮಿನ ಮ್ಯಾನೇಜರನ ಕೋಣೆಯಲ್ಲಿ ಕೂಲರ್ ತಿರುಗುತ್ತಿತ್ತು. ಊರಿಗೆ ಕುಡಿಯುವ ನೀರಿಲ್ಲ, ಆ ಕೂಲರಿಗೆ ಇತ್ತು. ಅವನು ಸಭ್ಯ ಮನುಷ್ಯ, ದನಿ ಏರಿಸಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

“ನಾವ್ಯಾಕ ನಿಂಗ ಕೆಂಪು ಹಾಕೋಣಪ್ಪಾ? ನಮ್ಮ ಕಾಟಾದ ಮ್ಯಾಲ ಎಷ್ಟು ಬಂತೋ ಅಷ್ಟು ಕಳಿಸೇವಿ. ಔರಾದದವರು ಅವರಿಗೆ ಎಷ್ಟು ಬಂತೋ ಅಷ್ಟು ಕಳಿಸ್ಯಾರ. ಆ್ಯಪ್ ತಾನ ಕಳದು ನೋಡ್ಯದ.”

“ಚೀಲ ಎಣಿಸಿದ್ರಿಲ್ರಿ?”

“ಎಣಿಸೀವಿ. ಬರೋಬರಿ ಅದಾವ.”

“ಮೊಹರು?”

“ಅದೂ ಬರೋಬರಿ ಇತ್ತು.”

“ಹಂಗಂದ್ರ ನಾ ಕದ್ದಿದ್ದು ಏನ್ರಿ? ಚೀಲದೊಳಗಿನ ಗಾಳಿ?”

ಅವನಿಗೂ ನಗು ಬಂತು. ನಕ್ಕ ಮೇಲೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ. “ನೋಡು ತಮ್ಮಾ, ಚೀಲದ ಲೆಕ್ಕ ಬರಿಯಾಕ ಇದ್ರಾಗ ಜಾಗಾನ ಇಲ್ಲ. ಮೊದಲ ಇತ್ತು, ಹೊಸದ್ರಾಗ ತಗದಾರ. ವಜನ ಒಂದ ಕೇಳ್ತದ.”

“ನೀವು ಮನಶ್ಯಾರು ಅದೀರಲ್ರಿ. ನೀವಾರ ಹೇಳ್ರಿ.”

“ಯಾರಿಗೆ ಹೇಳ್ಲಿ? ಮಿಲ್ಲಿನವರಿಗೆ ಫೋನ್ ಮಾಡಿದ್ರ ಅವರು ನಿಮ್ಮ ತೂಕ ತಪ್ಪೇನು ಅಂತಾರ. ತಪ್ಪು ಅಂದ್ರ ನಂದು ಕೆಂಪಾಗ್ತದ. ಔರಾದಕ ಹೋಗು. ಅವರು ತಮ್ಮ ತೂಕ ತಪ್ಪಂದ್ರ ನಿಂದು ಹಸಿರಾಗ್ತದ.”

ಆಗ ನನಗೆ ಒಂದು ವಿಷಯ ತಿಳಿಯಿತು. ಈ ಮೂವರೂ ಒಂದೇ ಪರದೆ ನೋಡುತ್ತಾರೆ, ಆದರೆ ಮೂವರಿಗೂ ಒಬ್ಬರ ಮೇಲೊಬ್ಬರಿಗೆ ಹೆದರಿಕೆ. ಆ ಹೆದರಿಕೆಯನ್ನೆಲ್ಲ ಒಟ್ಟುಗೂಡಿಸಿ ಗಾಡಿ ಓಡಿಸುವವನ ತಲೆಯ ಮೇಲೆ ಇಟ್ಟಿದ್ದಾರೆ. ಥೂ, ಎಂದೆ. ಮ್ಯಾನೇಜರ ತನಗಂದೆ ಅಂದುಕೊಂಡ. ಅಂದುಕೊಳ್ಳಲಿ ಬಿಡು ಎಂದು ಹೊರಗೆ ಬಂದೆ.

ಔರಾದಕ್ಕೆ ರೈಲಿಲ್ಲ. ಬಸ್ಸೇ ಗತಿ, ಆ ಬಸ್ಸೂ ತಾನು ಮನಸ್ಸು ಮಾಡಿದಾಗ ಬರುತ್ತದೆ. ಮರುದಿನ ಬಿಸಿಲೇರಿದ ಮೇಲೆ ಅಲ್ಲಿ ಇಳಿದೆ. ದಾರಿಯಲ್ಲಿ ಮಾಂಜ್ರಾದ ಸೇತುವೆ ಬಂದಾಗ ಬಸ್ಸಿನಲ್ಲಿದ್ದ ಯಾರೂ ಕಿಟಕಿಯಿಂದ ಕೆಳಗೆ ನೋಡಲಿಲ್ಲ. ನೋಡಲು ನದಿಯಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ.

ಕಾಟಾ ಇರುವುದು ಊರ ಹೊರಗೆ, ಬೇವಿನ ಮರದ ಎದುರು. ತಗಡಿನ ಗೂಡಿನಲ್ಲಿ ಸುಭಾನ ಕೂತಿರುತ್ತಾನೆ. ನಾನು ಕ್ಲೀನರಾಗಿದ್ದ ಕಾಲದಿಂದ ನನ್ನ ದೋಸ್ತ. ನಾನು ಹೋದವನೇ ಅವನ ಟೇಬಲ್ಲಿಗೆ ಗುದ್ದಿದೆ.

“ನಿನ್ನ ಕಾಟಾ ಸುಳ್ಳು ಹೇಳ್ಯದ. ನನ್ನ ಹೆಸರು ಹೊಲಸು ಮಾಡ್ಯದ!”

“ಕಾಟಾಕ ಯಾಕ ಬೈತೀಯೋ? ಮೊನ್ನೆ ಸರಕಾರದವರು ಬಂದು ಪಾಸು ಮಾಡಿ ಹೋಗ್ಯಾರ. ತೂಕದ ಕಲ್ಲು ಇಟ್ಟು ನೋಡ್ಯಾರ, ಒಂದು ಕಿಲೋ ಫರಕಿಲ್ಲ.”

“ಹಂಗಂದ್ರ ನಾ ಕಳ್ಳ?”

“ನಾ ಅಂದೇನೇನು? ನೀರು ಕುಡಿ ಮೊದಲ.”

ಕುಡಿಯಲಿಲ್ಲ. ಹೊಸ್ತಿಲ ಮೇಲೆ ಕೂತು ಅವನಿಗೆ, ಕಂಪನಿಗೆ, ಆ್ಯಪಿಗೆ, ಅದನ್ನು ಮಾಡಿದವನ ವಂಶಕ್ಕೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಸುಭಾನ ಕೇಳಿಸಿಕೊಳ್ಳುತ್ತ ಬೀಡಿ ಸೇದಿದ. ಅಷ್ಟರಲ್ಲಿ ತೊಗರಿ ತುಂಬಿದ ಲಾರಿಯೊಂದು ಬಂದು ಕಾಟಾದ ಮೇಲೆ ನಿಂತಿತು.

ತಾಡಪತ್ರಿ ಬಿಗಿದ ಚೀಲಗಳ ಮೇಲೆ ಜನ ಕೂತಿದ್ದರು. ಅದು ಹೊಸದೇನಲ್ಲ. ಬರ ಬಿದ್ದ ವರ್ಷ ಔರಾದದ ಸುತ್ತಿನ ಊರಿನವರು ಗಂಟು ಕಟ್ಟಿಕೊಂಡು ಹೈದರಾಬಾದಿಗೋ ಪುಣೆಗೋ ಕೆಲಸಕ್ಕೆ ಹೊರಡುತ್ತಾರೆ. ರೈಲು ಹಿಡಿಯಲು ಭಾಲ್ಕಿಗೆ ಹೋಗಬೇಕು. ಮಾಲಿನ ಗಾಡಿಯವರು ಅವರನ್ನು ಮೇಲೆ ಕೂರಿಸಿಕೊಂಡು ಹೋಗುತ್ತಾರೆ, ಸ್ಟೇಷನ್ ರಸ್ತೆಯಲ್ಲಿ ಇಳಿಸಿ ಆಮೇಲೆ ಗೋದಾಮಿಗೆ ತಿರುಗುತ್ತಾರೆ. ನಮ್ಮಪ್ಪನ ಕಾಲದ ಬರದಿಂದಲೂ ಹೀಗೇ. ಊರು ಬಿಟ್ಟು ಹೋಗುವವರ ಹತ್ತಿರ ಯಾವ ಡ್ರೈವರನೂ ದುಡ್ಡು ಕೇಳುವುದಿಲ್ಲ. ಕೇಳಿದವನನ್ನು ಉಳಿದವರು ತಮ್ಮ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುವುದಿಲ್ಲ. ತಿರುಗಿ ಬರುವಾಗ ಅವರಾಗಿ ಚಹಾ ಕುಡಿಸಿದರೆ ಕುಡಿಯುತ್ತೇವೆ, ಅಷ್ಟೇ.

ಲಾರಿ ಕಾಟಾದ ಮೇಲಿರುವಾಗಲೇ ಬೇವಿನ ಕೆಳಗಿನಿಂದ ಒಬ್ಬ ಮುದುಕಿ ಓಡಿ ಬಂದಳು. ಮೇಲಿದ್ದವರು ಕೈ ಕೊಟ್ಟು ಎಳೆದುಕೊಂಡರು. ನಾನು ಹೊಸ್ತಿಲ ಮೇಲೆ ಕೂತವನು ಸುಮ್ಮನೆ ಗೂಡಿನೊಳಗೆ ಕಣ್ಣು ಹಾಯಿಸಿದೆ. ಗೋಡೆಯ ಮೇಲಿನ ತೂಕದ ಅಂಕಿ ಮೆಲ್ಲಗೆ ನಲವತ್ತು ಕಿಲೋ ಏರಿ ನಿಂತಿತು.

ನಾನು ಸುಭಾನನ ಮುಖ ನೋಡಿದೆ. ಅವನು ಅಂಕಿ ನೋಡಿ ನನ್ನ ಮುಖ ನೋಡಿದ. ಬೀಡಿ ಅವನ ತುಟಿಗೇ ಅಂಟಿಕೊಂಡಿತ್ತು.

“ಅಯ್ಯಯ್ಯೋ,” ಎಂದ. “ಅವತ್ತು ನಿನ್ನ ಗಾಡಿ ಮ್ಯಾಲ ಯಾರಿದ್ರೋ?”

“ಗಿರಿಜಾಬಾಯಿ. ಅಕಿ ಮಗ ಗೋರಖನಾಥ, ಸೊಸಿ, ಎರಡು ಹುಡುಗ್ರು.”

“ಬೀಸೋಕಲ್ಲು!” ಸುಭಾನ ತೊಡೆ ತಟ್ಟಿಕೊಂಡ. “ಆ ಮುದುಕಿ ಬೀಸೋಕಲ್ಲು ಹೊತ್ಕೊಂಡು ಬಂದಿದ್ಲಲ್ಲೋ! ನಾನ ಕೈ ಹಚ್ಚಿ ಮ್ಯಾಲ ಇಟ್ಟೇನಿ! ಹೈದರಾಬಾದಿನ ಗಿರಣಿ ಹಿಟ್ಟು ರೊಟ್ಟಿಗಿ ಬರಲ್ಲ ಅಂತ ಜಗಳಾ ತಗದಿದ್ಲು.”

ಹೌದು. ಇಡೀ ಮನೆಯವರು ಗಾಡಿಯ ಮೇಲೆ ಕೂತಾಗ ತೂಕವಾಗಿತ್ತು. ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಐದು ಜನ, ಪಾತ್ರೆಯ ಗಂಟು, ಹಾಸಿಗೆಯ ಸುರುಳಿ, ಕಲ್ಲು, ಎಲ್ಲ ಇಳಿದಿದ್ದವು. ಆಮೇಲೆ ಗೋದಾಮಿನ ಕಾಟಾ. ಚೀಟಿಯ ಕಾಲದಲ್ಲಿ ಚೀಲ ಎಣಿಸುತ್ತಿದ್ದರಿಂದ ತೂಗುವಾಗ ಯಾರು ಮೇಲಿದ್ದರೆ ಯಾರಿಗೇನು? ಮುದುಕರನ್ನು ಇಳಿಸಿ ಹತ್ತಿಸುವ ಗೋಜಿಗೆ ಒಬ್ಬರೂ ಹೋಗುತ್ತಿರಲಿಲ್ಲ. ಒಬ್ಬಿಬ್ಬರಾಗಿದ್ದರೆ ಅಷ್ಟು ಸಣ್ಣ ಫರಕಿಗೆ ಆ್ಯಪ್ ಸುಮ್ಮನಿರುತ್ತಿತ್ತು. ಗಿರಿಜಾಬಾಯಿ ತನ್ನ ಕಲ್ಲಿನ ಸಮೇತ ಬಂದಳು.

ಇಬ್ಬರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಲಾರಿಯ ಮೇಲಿದ್ದವರು ನಮಗೆ ಬಿಸಿಲು ತಲೆಗೇರಿದೆ ಅಂದುಕೊಂಡಿರಬೇಕು.

“ಬರಿ ಈಗ,” ಎಂದೆ. “ತೂಕ ತಪ್ಪು ಅದ ಅಂತ ಬರಿ.”

ಸುಭಾನ ಆ್ಯಪ್ ತೆಗೆದ. ತೂಕ ತಿದ್ದಬೇಕಾದರೆ ಕಾರಣ ಕೇಳುತ್ತದೆ. ಯಂತ್ರ ಕೆಟ್ಟಿದೆ ಎನ್ನಬಹುದು. ಆದರೆ ಯಂತ್ರ ಮೊನ್ನೆಯಷ್ಟೇ ಪಾಸಾಗಿತ್ತು. ಕಾಟಾದವನ ತಪ್ಪು ಎನ್ನಬಹುದು. ಒತ್ತಿದರೆ ಸುಭಾನನ ಹೆಸರು ಕೆಂಪಾಗುತ್ತದೆ. ಕೊನೆಯದು, ಮಾಲಿನ ಮೇಲೆ ಪ್ರಯಾಣಿಕರು.

“ಕೊನೇದು ಒತ್ತು.”

ಅವನ ಬೆರಳು ನಿಂತಿತು. “ಇದು ಒತ್ತಿದ್ರ ಮೂರೂ ಕಡಿ ಒಮ್ಮೆಗೇ ಕಾಣ್ತದಲೇ ಮಚ್ಛ್ಯಾ. ನಾಳಿಂದ ಒಬ್ಬರಿಗೂ ಗಾಡಿ ಹತ್ತಾಕ ಬಿಡಲ್ಲ.”

“ಬಿಡಲ್ದಿದ್ರ ನಂಗೇನು? ಮೈಕಿನ್ಯಾಗ ಬೈಸ್ಕೊಂಡಾಂವ ನಾ. ಅವರಲ್ಲ.”

“ನಂಗೂ ಏನಿಲ್ಲಪ್ಪ,” ಎಂದ ಸುಭಾನ, ಬೇವಿನ ಕಡೆ ನೋಡುತ್ತ. ಅಲ್ಲಿ ಇನ್ನೂ ಎರಡು ಮನೆಯವರು ಗಂಟುಗಳ ಮೇಲೆ ಕೂತಿದ್ದರು. “ನೀ ಹೇಳು, ಒತ್ತತೇನಿ.”

ಗೋರಖನಾಥನ ನಂಬರು ನನ್ನ ಹತ್ತಿರ ಇತ್ತು. ಫೋನು ಮಾಡಿದೆ. ಹೈದರಾಬಾದಿನಲ್ಲಿ ಯಾವುದೋ ಕಟ್ಟಡದ ಕೆಲಸ, ಹಿಂದೆ ಕಬ್ಬಿಣ ಬಡಿಯುವ ಸಪ್ಪಳ. ನಡೆದದ್ದನ್ನು ಹೇಳಿದೆ. ಅವನು, “ನಾನ ಬಂದು ಸಾಹೇಬರ ಮುಂದ ನಿಲ್ತೇನಣ್ಣಾ,” ಎಂದ. ಅಷ್ಟರಲ್ಲಿ ಗಿರಿಜಾಬಾಯಿ ಫೋನು ಕಸಿದುಕೊಂಡಳು.

“ಯಾರದು, ಡ್ರೈವರ್ ಮಚ್ಛೇಂದ್ರನ? ನನ್ನ ಕಲ್ಲು ಕದ್ದಿ ಅಂತಾರೇನೋ ನಿನಗ?”

“ಕಲ್ಲು ಅಲ್ಲ ಆಯಿ, ತೊಗರಿ.”

“ತೊಗರಿ ಯಾರಾರ ಕದೀತಾರ? ಕದೀಲಾಕ ಹೊಲದಾಗ ಎಲ್ಲಿ ಬೆಳ್ದದ? ನಮ್ಮ ಹೆಸರು ಹೇಳು. ಹೆದರಬ್ಯಾಡ. ನಾವು ಕುಂತಿದ್ದಿವಿ, ಕುಂತಿದ್ದಿವಿ ಅಂತ ಹೇಳು. ನಮ್ಮನ್ನೇನು ಗಲ್ಲಿಗಿ ಹಾಕ್ತಾರ?” ಒಂದು ಉಸಿರು ತೆಗೆದುಕೊಂಡಳು. “ಮತ್ತ ಕೇಳು, ನನ್ನ ತಂಗಿ ಅಂಜನಾಬಾಯಿ ಬರೋ ವಾರ ಬರ್ಲತ್ತಾಳ. ಕಾಲು ಬ್ಯಾನಿ ಅದ ಅಕಿಗಿ, ಬಸ್ಸಿನ್ಯಾಗ ನಿಂದ್ರಾಕ ಆಗಲ್ಲ. ಗಾಡಿ ಮ್ಯಾಲ ಜರಾ ಜಾಗಾ ಮಾಡು.”

ಹ್ಞೂಂ ಎಂದೆ. ಬೇರೆ ಏನನ್ನಬೇಕಿತ್ತು?

ಸುಭಾನನಿಗೆ, “ಈಗ ಒತ್ತಬ್ಯಾಡ, ತಡಿ,” ಎಂದೆ. ಅವನು ಹೊರಗೆ ಹೋಗಿ ಲಾರಿಯ ಮೇಲಿದ್ದವರನ್ನೆಲ್ಲ ಕೆಳಗಿಳಿಸಿದ. ತೂಗಿದ ಮೇಲೆ ಮತ್ತೆ ಹತ್ತಿಸಿದ. ಮುದುಕಿ, “ಹತ್ತು ಅಂತಾರ, ಇಳಿ ಅಂತಾರ, ನಾ ಏನು ಮಂಗ್ಯಾ?” ಎಂದು ಅವನಿಗೆ ಬೈದಳು. ಹೀಗೆ ಮಾಡಿದರೆ ಮುಂದೆ ಯಾರ ಹೆಸರೂ ಕೆಂಪಾಗುವುದಿಲ್ಲ. ನನ್ನದು ಆಗಿಯೇ ಹೋಗಿತ್ತು.

ಅದೇ ಲಾರಿಯ ಮೇಲೆ, ಅವರ ನಡುವೆ ಕೂತು ಭಾಲ್ಕಿಗೆ ಬಂದೆ. ಸ್ಟೇಷನ್ ರಸ್ತೆಯಲ್ಲಿ ಮುದುಕಿಯನ್ನು ನಾನೇ ಇಳಿಸಿದೆ. ಆದರೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹೇಳಿಬಿಡುತ್ತೇನೆ. ಜನ ಕೂತಿದ್ದರು ಎಂದು ಹೇಳುತ್ತೇನೆ. ನನ್ನ ಅಪ್ಪನ ಹೆಸರು ಮೈಕಿನಲ್ಲಿ ಎಳೆದಿದ್ದಾನೆ ಆ ವೈಜಿನಾಥ. ಊರಿಗೆಲ್ಲ ಒಳ್ಳೆಯವನಾಗಿ ನಾನೇನು ಮಾಡಲಿ?

ಬೀದರಿಗೆ ಬಂದಾಗ ಸೇಠರು ಹೇಳಿದರು, ಮರುದಿನ ಮಿಲ್ಲಿನಲ್ಲಿ ಡ್ರೈವರುಗಳ ಮೀಟಿಂಗ್ ಇದೆ, ಆ್ಯಪ್ ನಡೆಸುವ ಸಾಹೇಬರು ಬರುತ್ತಾರೆ, ನಿನ್ನನ್ನೂ ಕರೆದಿದ್ದಾರೆ ಎಂದು.

ಮಿಲ್ಲಿನ ಅಂಗಳದಲ್ಲಿ ತಾಡಪತ್ರಿ ಹಾಸಿದ್ದರು. ಮೂರೂ ಕಡೆಯ ಡ್ರೈವರುಗಳು ಚಪ್ಪಲಿ ಬಿಟ್ಟು ಕೂತಿದ್ದರು. ಮುಂದೆ ಕುರ್ಚಿಯ ಮೇಲೆ ಸಾಹೇಬ. ನಲವತ್ತರ ಒಳಗಿನವನು, ಮೆದು ಮಾತಿನವನು, ಬೇರೆ ಸೀಮೆಯ ಕನ್ನಡ. ನನ್ನನ್ನು ಎಬ್ಬಿಸಿ ನಿಲ್ಲಿಸಿದ. ವೈಜಿನಾಥ ಅವನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

“ನೋಡಿ ಮಚ್ಛೇಂದ್ರ, ನೀವು ಕಳ್ಳರು ಅಂತ ನಾನು ಹೇಳುತ್ತಿಲ್ಲ,” ಎಂದ ಸಾಹೇಬ. “ಔರಾದದಿಂದ ಬರುವ ಗಾಡಿಗಳೆಲ್ಲ ಗೋದಾಮಿಗೆ ಹೋಗುವ ಮೊದಲು ಭಾಲ್ಕಿ ಸ್ಟೇಷನ್ ಹತ್ತಿರ ನಿಲ್ಲುತ್ತವೆ. ನಮಗೆ ಕಾಣುತ್ತದೆ. ಜನರನ್ನು ಕರೆತರುತ್ತೀರಿ, ಅಲ್ಲವೇ? ನಿಮ್ಮ ಗಾಡಿಯಲ್ಲೂ ಜನ ಇದ್ದರು. ಹೌದು ಅಂತ ಒಂದು ಮಾತು ಹೇಳಿ, ಇಲ್ಲೇ ನಿಮ್ಮ ಹೆಸರನ್ನು ಹಸಿರು ಮಾಡುತ್ತೇನೆ.”

ನನ್ನ ನಾಲಿಗೆಯ ತುದಿಗೆ ಬಂದಿತ್ತು ಆ ಮಾತು. ಎದುರು ಕೂತ ಡ್ರೈವರುಗಳು ತಾಡಪತ್ರಿಯ ಮೇಲೆ ಬೆರಳಾಡಿಸುತ್ತಿದ್ದರು. ಒಬ್ಬನೂ ತಲೆ ಎತ್ತಲಿಲ್ಲ.

“ಹೌದಂದ್ರ ಆಮ್ಯಾಲ ಏನ್ ಮಾಡ್ತೀರಿ ಸಾಹೇಬ್ರ?” ಎಂದು ಕೇಳಿದೆ.

“ಆಮೇಲೆ ಸಮಸ್ಯೆಯೇ ಇರುವುದಿಲ್ಲ. ಎಲ್ಲ ಗಾಡಿಗೂ ಮೇಲೆ ಕಬ್ಬಿಣದ ಮುಚ್ಚಳ, ಬೀಗ. ಕ್ಯಾಬಿನ್ನಿನಲ್ಲಿ ಕ್ಯಾಮೆರಾ. ಎಷ್ಟೋ ದಿನದಿಂದ ಮೂವರು ಮಾಲೀಕರನ್ನೂ ಒಪ್ಪಿಸಲು ನೋಡುತ್ತಿದ್ದೇನೆ. ಖರ್ಚು ಅಂತ ಹಿಂದೆ ಸರಿಯುತ್ತಿದ್ದಾರೆ. ಒಬ್ಬ ಡ್ರೈವರ್ ಬಾಯಿಬಿಟ್ಟು ಹೇಳಿದರೆ ಸಾಕು, ಒಪ್ಪುತ್ತಾರೆ.”

ಅವನಿಗೆ ನಿಜವಾಗಿಯೂ ಅದು ಒಳ್ಳೆಯ ಸುದ್ದಿ. ಅದನ್ನು ಹೇಳುವಾಗ ಅವನ ಮುಖ ಅರಳಿತ್ತು.

ವೈಜಿನಾಥ ನನ್ನ ಹತ್ತಿರ ಬಗ್ಗಿ, “ಅಂದುಬಿಡಲೇ, ಯಾಕ ನಿಂತಿ? ಹಸಿರಾಗಿ ಹೋಗು,” ಎಂದು ಪಿಸುಗುಟ್ಟಿದ.

“ಮೊನ್ನೆ ಮೈಕಿನ್ಯಾಗ ಅಂದಿದ್ದು ಮೈಕಿನ್ಯಾಗ ವಾಪಸ ತಗೋತಿಯೇನು?” ನಾನು ಪಿಸುಗುಟ್ಟಲಿಲ್ಲ. ಎಲ್ಲರಿಗೂ ಕೇಳುವಂತೆ ಕೇಳಿದೆ.

“ನೀ ಹಸಿರಾದ್ರ ತಗೋತೇನಿ.”

“ಆಗದಿದ್ರ?”

“ಆಗದಿದ್ರ ನಾ ಹ್ಯಾಂಗ ತಗೊಳ್ಲಿ? ಅಲ್ಲಿ ಕಳ್ಳ ಅಂತದ, ಇಲ್ಲಿ ನಾ ಅಲ್ಲ ಅನ್ಲೇನು?”

ಆಗ ನನ್ನೊಳಗೆ ಎರಡು ದಿನದಿಂದ ಕುದಿಯುತ್ತಿದ್ದದ್ದು ತಿಳಿಯಾಗಿ ನಿಂತಿತು. ನನ್ನ ಅಪ್ಪ ಇದೇ ಅಂಗಳದಲ್ಲಿ ಚೀಲ ಹೊತ್ತದ್ದನ್ನು ಈ ವೈಜಿನಾಥ ಕಣ್ಣಾರೆ ಕಂಡಿದ್ದಾನೆ. ನನ್ನನ್ನೂ ಕಂಡಿದ್ದಾನೆ. ಹಾಗಿದ್ದೂ ನಾನು ಯಾರೆಂದು ತಿಳಿಯಲು ಅವನು ಬಣ್ಣ ನೋಡುತ್ತಾನೆ. ಇವನ ಬಾಯಿಂದ ಒಳ್ಳೆಯವನೆನಿಸಿಕೊಳ್ಳಲು ಔರಾದದ ಬೇವಿನ ಕೆಳಗೆ ಕೂತವರಿಗೆ ನಾನು ಗಾಡಿ ತಪ್ಪಿಸಬೇಕೇ?

“ಸಾಹೇಬ್ರ,” ಎಂದೆ. “ನನ್ನ ಗಾಡಿ ಚೀಲ ಎಣಿಸ್ಯಾರ. ಬರೋಬರಿ ಅದಾವ. ಮೊಹರು ನೋಡ್ಯಾರ. ಬರೋಬರಿ ಅದ. ಭಾಲ್ಕಿ ಮ್ಯಾನೇಜರಗ ಕೇಳ್ರಿ.”

“ಅದು ಗೊತ್ತು. ಆದರೆ ತೂಕ ಹೊಂದುತ್ತಿಲ್ಲವಲ್ಲ.”

“ಚೀಲ ಎಣಿಸಿ ಒಪ್ಪೋದಿದ್ರ ಒಪ್ರಿ. ಇಲ್ಲಂದ್ರ ಕೆಂಪ ಇಟ್ಕೊರ್ರಿ. ಬೇಕಿದ್ರ ನನ್ನ ಫೋಟೋ ಇನ್ನೂ ದೊಡ್ಡದು ಮಾಡಿ ಹಚ್ರಿ.”

ತಾಡಪತ್ರಿಯ ಮೇಲೆ ಒಬ್ಬ ಡ್ರೈವರ ತಲೆ ಎತ್ತಿದ. ಅಂದು ಗೇಟಿನಲ್ಲಿ ಹಲ್ಲು ಕಿರಿದಿದ್ದವನೇ. ಇವತ್ತು ಅವನ ಬಾಯಿ ಮುಚ್ಚಿತ್ತು. ಅವನೂ ವಾರಕ್ಕೆರಡು ಸಲ ಔರಾದದಿಂದ ಜನ ತರುವವನು.

ಸಾಹೇಬನ ಮೆದು ದನಿ ಸ್ವಲ್ಪ ಗಟ್ಟಿಯಾಯಿತು. “ಇದು ಹಠದ ವಿಷಯ ಅಲ್ಲ. ಇಲ್ಲಿ ನಿಮಗೆ ಕೆಲಸ ಸಿಗುವುದಿಲ್ಲ. ಬೇರೆ ಎಲ್ಲೂ ಸಿಗುವುದಿಲ್ಲ. ಪೊಲೀಸರಿಗೆ ಕೊಡಬೇಕಾಗುತ್ತದೆ. ಯೋಚಿಸಿ.”

“ಯೋಚನಿ ಮಾಡೇ ಬಂದೇನ್ರಿ.”

ಸುಳ್ಳು. ಯೋಚಿಸಿ ಬಂದದ್ದು ಬೇರೆಯೇ ಆಗಿತ್ತು. ಲಾಲ ಅಹ್ಮದ ಸೇಠರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಅವರು ನನ್ನನ್ನೇ ನೋಡುತ್ತಿದ್ದರು.

ನಾನು ತಾಡಪತ್ರಿಯ ಅಂಚಿಗೆ ಬಂದು ಚಪ್ಪಲಿ ಹುಡುಕಿದೆ. ಒಂದು ಸಿಕ್ಕಿತು, ಇನ್ನೊಂದು ಯಾರದೋ ಬೂಟಿನ ಕೆಳಗಿತ್ತು. ಎಳೆದು ಮೆಟ್ಟಿಕೊಂಡೆ.

“ಹಾಗಾದರೆ ಒಂದೇ ಒಂದು ಹೇಳಿ ಹೋಗಿ,” ಸಾಹೇಬ ಕುರ್ಚಿಯಿಂದ ಎದ್ದು ನಿಂತಿದ್ದ. “ಆ ಎರಡು ಕ್ವಿಂಟಲ್ ಎಲ್ಲಿ ಹೋಯಿತು?”

ನಾನು ಗೇಟಿನ ಕಡೆ ನಡೆದೆ. “ರೀ, ಕೇಳಿದ್ದು ನಿಮ್ಮನ್ನೇ,” ಎಂದ ಅವನು, “ಎಲ್ಲಿ ಹೋಯಿತು?” ಹೊಟ್ಟಿನ ರಾಶಿ ದಾಟಿದೆ. ಒಳಗೆ ಬರುತ್ತಿದ್ದ ಲಾರಿಯೊಂದಕ್ಕೆ ದಾರಿ ಬಿಟ್ಟು, ಅದರ ಧೂಳಿನಲ್ಲಿ ರಸ್ತೆಗೆ ಇಳಿದು, ನಡೆಯುತ್ತಲೇ ಹೋದೆ.